ಮೇ 1ಕ್ಕೆ ಮುಂಚೆ: ಅಣ್ಣನ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿ,

ಆಶೀರ್ವಾದಗಳು. ನಿನ್ನೆ ಫೋನಿನಲ್ಲಿ ನೀನು ಕೇಳಿದ್ದಕ್ಕೆ ಅಲ್ಲೇ ಉತ್ತರ ಕೊಡಲು ಆಗಲಿಲ್ಲ. ಮೇ 1ರೊಳಗೆ ಒಂದು ಕಾಲೇಜು ಆರಿಸಿ ಡಿಪಾಸಿಟ್ ಕಟ್ಟಬೇಕಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಮಗಳಿಗೆ ನಿಮ್ಮ ನ್ಯೂಜೆರ್ಸಿಯ ಸ್ಟೇಟ್ ಯೂನಿವರ್ಸಿಟಿ ರಟ್ಗರ್ಸ್‌ನ ಆನರ್ಸ್ ಕಾಲೇಜು (ಚುರುಕು ಮಕ್ಕಳಿಗೆ ಅಂತಲೇ ಇರುವ ವಿಭಾಗ) ಸಾಕಾ, ಇಲ್ಲ ಸಾಲ ಮಾಡಿಯಾದರೂ ಆ ಖಾಸಗಿ ಯೂನಿವರ್ಸಿಟಿಗೆ ಕಳಿಸೋದಾ ಅಂತ ಕೇಳಿದೆ. ಆಮೇಲೆ ಫೋನ್ ಇಡುವ ಹೊತ್ತಿಗೆ, ಮಗಳು ಸರಿಯಾಗಿ ಊಟ ಮಾಡುತ್ತಿಲ್ಲ, ರೂಮಿನ ಬಾಗಿಲು ಹಾಕಿಕೊಂಡೇ ಇರುತ್ತಾಳೆ ಅಂದೆ. ರಾತ್ರಿಯೆಲ್ಲ ನನ್ನ ತಲೆಯಲ್ಲಿ ಓಡಿದ್ದು ಆ ಮಾತೇ. ಅದಕ್ಕೆ ಮೊದಲು ಅದನ್ನೇ ಬರೆಯುತ್ತೇನೆ.

ನೀನು ಊರಲ್ಲಿ ಸಿಇಟಿ ಬರೆದವಳು. ರ‍್ಯಾಂಕ್ ಬಂತು, ಆ ನಂಬರಿಗೆ ಯಾವ ಕಾಲೇಜು, ಯಾವ ಬ್ರಾಂಚ್ ಅನ್ನೋದು ಕೌನ್ಸೆಲಿಂಗಿನಲ್ಲಿ ತೀರ್ಮಾನವಾಯಿತು. ಸೀಟು ಸಿಗದಿದ್ದರೆ ಯಾಕೆ ಸಿಗಲಿಲ್ಲ ಅನ್ನೋದು ಗೊತ್ತಿರುತ್ತಿತ್ತು. ಅಮೆರಿಕಾದಲ್ಲಿ ಹಾಗಿಲ್ಲ. ಮಾರ್ಕು ಒಂದು ಕಡೆ ಇರಲಿ, 650 ಪದದ ಪ್ರಬಂಧ, 10 ಚಟುವಟಿಕೆಗಳ ಪಟ್ಟಿ, ಟೀಚರುಗಳ ಪತ್ರ, ಇದರ ಜೊತೆಗೆ ಆ ವರ್ಷ ಆ ಕಾಲೇಜಿಗೆ ಎಂಥವರು ಬೇಕಿತ್ತು ಅನ್ನೋ ಲೆಕ್ಕ. ಆ ಲೆಕ್ಕ ಹೊರಗಿನವರಿಗೆ ಕಾಣೋದೇ ಇಲ್ಲ. ಮಾರ್ಚ್ ಕೊನೆಯಲ್ಲಿ ನಿನ್ನ ಮಗಳಿಗೆ ಒಂದರ ಹಿಂದೆ ಒಂದು 'ಇಲ್ಲ' ಬಂತಲ್ಲ, ಅದು ಅವಳ ರ‍್ಯಾಂಕ್ ಅಲ್ಲ. ಆದರೆ ನೀವಿಬ್ಬರೂ ಅದನ್ನು ರ‍್ಯಾಂಕ್ ಥರ ತಗೊಂಡಿದ್ದೀರಿ. ನಿಮ್ಮ ಮುಖ ನೋಡಿ ಅವಳೂ ಹಾಗೇ ತಗೊಂಡಿದ್ದಾಳೆ.

ನವೆಂಬರ್ 1 ನೆನಪಿದೆಯಾ? ಊರಲ್ಲಿ ರಾಜ್ಯೋತ್ಸವ, ಇಲ್ಲಿ ಎಷ್ಟೋ ಯೂನಿವರ್ಸಿಟಿಗಳ ಅರ್ಲಿ ಅರ್ಜಿಗೆ, ಅಂದರೆ ಮಾಮೂಲಿಗಿಂತ ಮೊದಲೇ ಹಾಕುವ ಅರ್ಜಿಗೆ, ಕೊನೆಯ ದಿನ. ಅವಳು ಆ ಸಲ ಕನ್ನಡ ಕೂಟದ ನಾಟಕ ಬಿಟ್ಟಳು. ದೀಪಾವಳಿಗೂ ಕಂಪ್ಯೂಟರ್ ಮುಂದೆ ಕೂತಿದ್ದಳು. ಅವತ್ತಿನಿಂದ ಇವತ್ತಿನವರೆಗೆ ಆ ಮನೆಯಲ್ಲಿ ಕಾಲೇಜಿನ ಮಾತಿಲ್ಲದೆ ಒಂದು ಊಟ ಆಗಿದೆಯಾ, ಯೋಚನೆ ಮಾಡು.

ಇದನ್ನು ಇವತ್ತೇ ಬದಲಾಯಿಸು. ಕಾಲೇಜಿನ ಮಾತಿಗೆ ವಾರಕ್ಕೆ ಒಂದು ಹೊತ್ತು ಇಡಿ, ಭಾನುವಾರ ಸಂಜೆ ಒಂದು ಗಂಟೆ ಅನ್ನೋಣ. ಫೀಸು, ಹಾಸ್ಟೆಲು, ಫಾರ್ಮು, ಎಲ್ಲ ಆಗಲೇ ಮಾತಾಡಿ. ಮಿಕ್ಕ ದಿನ ಆ ಸುದ್ದಿ ಬೇಡ. ಅಳಿಯಂದಿರಿಗೂ ಹೇಳು. ಕಾರಿನಲ್ಲಿ ಹೋಗುವಾಗ 'ಆ ಪ್ರಬಂಧ ಬೇರೆ ಥರ ಬರೆದಿದ್ರೆ', 'ಇನ್ನೊಂದು ಎಪಿ (ಸ್ಕೂಲಿನಲ್ಲೇ ಓದುವ ಕಾಲೇಜು ಮಟ್ಟದ ಕೋರ್ಸು) ತಗೊಂಡಿದ್ರೆ' ಅನ್ನೋದೆಲ್ಲ ನಿಲ್ಲಬೇಕು. ಅವಳ ಮಟ್ಟಿಗೆ ಅದು ಮುಗಿದುಹೋದ ಪರೀಕ್ಷೆ. ಮತ್ತೆ ಮತ್ತೆ ಅದನ್ನೇ ಎತ್ತಿದರೆ ಗಾಯದ ಮೇಲೆ ಬರೆ ಎಳೆದ ಹಾಗೆ.

ಕೂಟದ ಯುಗಾದಿ ಕಾರ್ಯಕ್ರಮ ಬೇರೆ ಇದೇ ತಿಂಗಳು. ಒಬ್ಬಟ್ಟಿನ ತಟ್ಟೆ ಕೈಯಲ್ಲಿ ಹಿಡಿದುಕೊಂಡೇ ಜನ 'ಎಲ್ಲಿ ಸಿಕ್ತು?' ಅಂತ ಕೇಳುತ್ತಾರೆ. ಕೆಟ್ಟ ಮನಸ್ಸಿನಿಂದಲ್ಲ, ಅವರ ಮನೆಯಲ್ಲೂ ಹನ್ನೊಂದನೇ ಕ್ಲಾಸಿನ ಮಗು ಇರುತ್ತೆ. 'ಇನ್ನೂ ನೋಡ್ತಾ ಇದ್ದೀವಿ, ಅವಳೇ ತೀರ್ಮಾನ ಮಾಡಿ ಹೇಳ್ತಾಳೆ' ಅಂತ ನೀನೇ ಮುಂದೆ ಬಂದು ಹೇಳು. ಅವಳನ್ನು ಉತ್ತರ ಹೇಳೋಕೆ ಬಿಡಬೇಡ. ಬರೋದಿಲ್ಲ ಅಂದರೆ ಬಲವಂತವೂ ಬೇಡ.

ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳುತ್ತೇನೆ. ಬೇಜಾರು ಬೇರೆ, ಕಾಯಿಲೆ ಬೇರೆ. ನಿದ್ದೆ, ಊಟ ಎರಡೂ ಕೆಟ್ಟು ಎರಡು ವಾರ ದಾಟಿದರೆ, ಗೆಳತಿಯರ ಜೊತೆಗೂ ಮಾತು ಬಿಟ್ಟರೆ, ಸ್ಕೂಲಿನ ಕೌನ್ಸೆಲರ್ ಹತ್ತಿರ ಹೋಗು, ಮಕ್ಕಳ ಡಾಕ್ಟರಿಗೆ ತೋರಿಸು. 'ನಾನು ಇದ್ದು ಏನು ಪ್ರಯೋಜನ' ಅನ್ನೋ ಥರದ ಮಾತು ಬಂದರೆ ಒಂದು ಗಂಟೆಯೂ ಕಾಯಬೇಡ. 988 ಅಂತ ಇಂಥ ಸಂಕಟಕ್ಕೇ ಇರುವ ಅಮೆರಿಕಾದ ಸಹಾಯವಾಣಿ ಇದೆ. ಅದಕ್ಕೆ ಫೋನ್ ಮಾಡಬಹುದು, ಮೆಸೇಜ್ ಮಾಡಬಹುದು, ಹಗಲು ರಾತ್ರಿ ಯಾವಾಗಲಾದರೂ. ಅವಳೂ ಮಾಡಬಹುದು, ನೀನೂ ಮಾಡಬಹುದು. ಆ ನಂಬರ್ ಫ್ರಿಜ್ ಮೇಲೆ ಅಂಟಿಸು. ಜನ ಏನಂತಾರೋ ಅಂತ ನಮ್ಮವರು ಇಂಥದ್ದನ್ನು ಮುಚ್ಚಿಡುತ್ತಾರೆ. ನೀನು ಮುಚ್ಚಿಡಬೇಡ.

ಇನ್ನು ಆನರ್ಸ್ ವಿಷಯ.

ನಿನ್ನ ಮಾತಿನಲ್ಲಿ ಅದು ಸಮಾಧಾನಕರ ಬಹುಮಾನದ ಥರ ಕೇಳಿಸಿತು. ಹಾಗಲ್ಲ. ಸ್ವಾರ್ತ್‌ಮೋರ್ ಕಾಲೇಜಿನಲ್ಲಿ ಫ್ರ್ಯಾಂಕ್ ಏಡೆಲಾಟ್ ಅನ್ನೋ ಅಧ್ಯಕ್ಷರು ಆಕ್ಸ್‌ಫರ್ಡಿನಲ್ಲಿ ತಾವು ಓದಿದ ರೀತಿ ನೋಡಿ 1922ರಲ್ಲೇ ಆನರ್ಸ್ ಶುರು ಮಾಡಿದರು. ಸಣ್ಣ ಗುಂಪಿನ ಚರ್ಚೆ, ಕೊನೆಗೆ ಹೊರಗಿನವರು ಬಂದು ಮಾಡುವ ಪರೀಕ್ಷೆ. ಆಮೇಲೆ ದೊಡ್ಡ ದೊಡ್ಡ ಸ್ಟೇಟ್ ಯೂನಿವರ್ಸಿಟಿಗಳು ಇದನ್ನು ತಮ್ಮದೇ ರೀತಿಯಲ್ಲಿ ಕಟ್ಟಿಕೊಂಡವು. ತಮ್ಮ ರಾಜ್ಯದ ಚುರುಕು ಮಕ್ಕಳು ಬೇರೆ ಕಡೆ ಹೋಗದಿರಲಿ ಅನ್ನೋದು ಅವರ ಆಸೆ. ಪೆನ್ಸಿಲ್ವೇನಿಯಾದ ಪೆನ್ ಸ್ಟೇಟ್ ಯೂನಿವರ್ಸಿಟಿಯ ಶ್ರಾಯರ್ ಆನರ್ಸ್ ಕಾಲೇಜು 1997ರಲ್ಲಿ 3 ಕೋಟಿ ಡಾಲರ್ ದಾನದಿಂದ ಆದದ್ದು. ಅರಿಜೋನಾ ಸ್ಟೇಟ್ ಯೂನಿವರ್ಸಿಟಿಯ ಬ್ಯಾರೆಟ್ ಆನರ್ಸ್ ಕಾಲೇಜಿಗೆ ಇಂಟೆಲ್ ಕಂಪನಿಯ ಕ್ರೇಗ್ ಬ್ಯಾರೆಟ್ ದಂಪತಿ 1 ಕೋಟಿ ಡಾಲರ್ ಕೊಟ್ಟರು. ನಿಮ್ಮ ರಟ್ಗರ್ಸ್‌ನದ್ದು ಶುರುವಾದದ್ದು 2015ರಲ್ಲಿ.

ಆದರೆ 'ಆನರ್ಸ್' ಅನ್ನೋ ಬೋರ್ಡು ಇದ್ದ ಮಾತ್ರಕ್ಕೆ ಎಲ್ಲವೂ ಒಂದೇ ಅಲ್ಲ. ಕೆಲವು ಕಡೆ ಅದು ನಾಲ್ಕು ವರ್ಷವೂ ಜೊತೆಗಿರುತ್ತೆ. ಕೆಲವು ಕಡೆ ಮೊದಲ ವರ್ಷ ಒಳ್ಳೆ ಹಾಸ್ಟೆಲು, ಒಂದೆರಡು ಸೆಮಿನಾರು, ಅಲ್ಲಿಗೆ ಮುಗಿಯಿತು. ನಾನು ಇಷ್ಟು ವರ್ಷ ಒಂದು ಸ್ಟೇಟ್ ಯೂನಿವರ್ಸಿಟಿಯ ಆನರ್ಸ್ ಆಫೀಸಿನಲ್ಲಿ ಮಕ್ಕಳಿಗೆ ಸಲಹೆ ಕೊಡುವ ಕೆಲಸ ಮಾಡಿದವಳು. ನನ್ನ ಪ್ರಕಾರ ನೋಡಬೇಕಾದದ್ದು ಬ್ರೋಷರ್ ಅಲ್ಲ, ಎರಡನೇ ವರ್ಷದ ಒಂದು ಸಾದಾ ವಾರ. ಸೋಮವಾರದಿಂದ ಶುಕ್ರವಾರದವರೆಗೆ ಆ ಮಗು ಎಲ್ಲಿರುತ್ತೆ, ಯಾರ ಕ್ಲಾಸಿನಲ್ಲಿ ಕೂರುತ್ತೆ, ಅದರ ಹೆಸರು ಗೊತ್ತಿರುವ ಪ್ರೊಫೆಸರ್ ಎಷ್ಟು ಜನ.

ರಟ್ಗರ್ಸನ್ನೇ ತಗೋ. ಆನರ್ಸ್ ಹಾಸ್ಟೆಲು ಇರೋದು ಕಾಲೇಜ್ ಅವೆನ್ಯೂ ಕ್ಯಾಂಪಸ್ಸಿನಲ್ಲಿ. ಇಂಜಿನಿಯರಿಂಗ್ ಕ್ಲಾಸುಗಳು ರ‍್ಯಾರಿಟನ್ ನದಿ ದಾಟಿ ಬುಶ್ ಕ್ಯಾಂಪಸ್ಸಿನಲ್ಲಿ. ಬಯೋಮೆಡಿಕಲ್ ಓದಬೇಕು ಅನ್ನೋ ನಿನ್ನ ಮಗಳು ಬಸ್ಸಿನಲ್ಲೇ ಓಡಾಡಬೇಕು. ಅದು ತೊಂದರೆಯೇ ಆಗಬೇಕು ಅಂತಿಲ್ಲ. ಬೇರೆ ಬೇರೆ ವಿಷಯ ಓದುವವರ ಜೊತೆ ಒಂದೇ ಕಟ್ಟಡದಲ್ಲಿರೋದು ಕೆಲವರಿಗೆ ಬಹಳ ಇಷ್ಟವಾಗುತ್ತೆ. ಆದರೆ ಮುಂಜಾನೆ ಬಸ್ಸಿನ ಸಾಲು ನೋಡಿ ಆಮೇಲೆ ಬೇಜಾರಾಗೋ ಬದಲು ಈಗಲೇ ನೋಡಿಕೊಳ್ಳಲಿ. ಕ್ಲಾಸು ನಡೆಯುವ ದಿನವೇ ಹೋಗಿ. ಅವಳೊಬ್ಬಳೇ ಆ ಬಸ್ಸು ಹತ್ತಿ ಹೋಗಿ ಬರಲಿ, ನೀವಿಬ್ಬರೂ ಕಾಫಿ ಕುಡಿಯುತ್ತಾ ಕೂತಿರಿ.

ಆನರ್ಸ್ ಆಫೀಸಿನವರನ್ನು ಅವಳು ಕೆಲವು ಪ್ರಶ್ನೆ ಕೇಳಲಿ. ಇಂಜಿನಿಯರಿಂಗ್ ಮಕ್ಕಳಿಗೇ ಅಂತ ಎಷ್ಟು ಆನರ್ಸ್ ಕೋರ್ಸುಗಳಿವೆ? ಅವು ನಿಜವಾಗಿ ಸಣ್ಣ ಕ್ಲಾಸುಗಳಾ, ಇಲ್ಲ ಮಾಮೂಲಿ ಕ್ಲಾಸಿನಲ್ಲೇ ಒಂದು ಪೇಪರ್ ಜಾಸ್ತಿ ಬರೆದರೆ ಆನರ್ಸ್ ಅನ್ನುತ್ತಾರಾ? ಸೇರಿದವರಲ್ಲಿ ಎಷ್ಟು ಮಂದಿ ಕೊನೆಯವರೆಗೆ ಉಳಿಯುತ್ತಾರೆ? ಈ ಕೊನೆಯ ಪ್ರಶ್ನೆಗೆ ತಡವರಿಸದೆ ಉತ್ತರ ಕೊಡುವ ಆಫೀಸನ್ನು ನಂಬಬಹುದು. ಜಿಪಿಎ (ಮಾರ್ಕಿನ ಸರಾಸರಿ) ಎಷ್ಟಿರಬೇಕು, ಕಡಿಮೆಯಾದರೆ ಸುಧಾರಿಸಿಕೊಳ್ಳೋಕೆ ಎಷ್ಟು ಟೈಮ್ ಕೊಡುತ್ತಾರೆ, ಆನರ್ಸ್ ಬಿಟ್ಟರೆ ಸ್ಕಾಲರ್‌ಶಿಪ್ಪೂ ಹೋಗುತ್ತಾ, ಇವನ್ನು ಬರಹದಲ್ಲೇ ತಗೊಳ್ಳಿ. ಬ್ಯಾರೆಟ್‌ನಂಥ ಕಡೆ ಆನರ್ಸ್‌ಗೆ ಪ್ರತ್ಯೇಕ ಫೀಸೂ ಇದೆ.

ನನ್ನನ್ನು ಕೇಳಿದರೆ ಆನರ್ಸಿನ ನಿಜವಾದ ಬೆಲೆ ಇರೋದು ಎರಡರಲ್ಲಿ. ಒಂದು, ಕೋರ್ಸುಗಳನ್ನು ಮೊದಲು ಆರಿಸಿಕೊಳ್ಳುವ ಅವಕಾಶ. ಕೇಳೋಕೆ ಸಣ್ಣದು. ಆದರೆ ಸಾವಿರಾರು ಮಕ್ಕಳಿರುವ ಕಡೆ ಬೇಕಾದ ಲ್ಯಾಬು ತುಂಬಿಹೋಗಿ ಒಂದು ಸೆಮಿಸ್ಟರ್ ಹಿಂದೆ ಬೀಳೋದು ಎಂಥ ಕಷ್ಟ ಅಂತ ನಾನು ನೋಡಿದ್ದೇನೆ. ಇನ್ನೊಂದು ಥೀಸಿಸ್. ಶ್ರಾಯರ್, ಬ್ಯಾರೆಟ್ ಎರಡರಲ್ಲೂ ಅದು ಕಡ್ಡಾಯ. ಮಕ್ಕಳು ಮೊದಲು ಹೆದರುತ್ತಾರೆ. ಆಮೇಲೆ ಒಬ್ಬ ಪ್ರೊಫೆಸರ್ ಜೊತೆ ವರ್ಷಗಟ್ಟಲೆ ಕೂತು, ಕೆಟ್ಟುಹೋದ ಪ್ರಯೋಗವನ್ನು ಮತ್ತೆ ಮಾಡಿ, ಬರೆದು, ತಿದ್ದಿ, ಕೊನೆಗೆ ತಮ್ಮದು ಅನ್ನುವಂಥ ಕೆಲಸ ಮುಗಿಸುತ್ತಾರೆ. ಮುಂದೆ ಅವರಿಗೆ ಶಿಫಾರಸು ಪತ್ರ ಬೇಕಾದಾಗ, ಇನ್ನೂರು ಜನರ ಕ್ಲಾಸಿನ ಪ್ರೊಫೆಸರ್ ಬರೆಯೋದಕ್ಕೂ ಇವರು ಬರೆಯೋದಕ್ಕೂ ಅಜಗಜಾಂತರ.

ಒಬ್ಬ ಹುಡುಗನ ವಿಷಯ ಹೇಳಬೇಕು. ಎರಡನೇ ವರ್ಷದವನು, ಫೆಬ್ರವರಿ ತಿಂಗಳು. ಹಿಮದ ಜಾಕೆಟ್ಟು ಕೂಡ ತೆಗೆಯದೆ ನನ್ನ ಮೇಜಿನ ಮುಂದೆ ಕೂತ. ಆನರ್ಸ್ ಬಿಡುವ ಫಾರ್ಮು ಆಗಲೇ ತುಂಬಿ ತಂದಿದ್ದ. ಜಿಪಿಎ ಕೆಳಗಿಳಿದಿತ್ತು. ಅವನು ಕೇಳಿದ್ದು ಒಂದೇ: 'ಮನೆಗೆ ಪತ್ರ ಹೋಗುತ್ತಾ?' ಇಲ್ಲ ಅಂದೆ. 1974ರಿಂದ ಇಲ್ಲಿ ಕಾನೂನೇ ಹಾಗಿದೆ, ಕಾಲೇಜು ಸೇರಿದ ಮೇಲೆ ಮಾರ್ಕಿನ ದಾಖಲೆಯ ಹಕ್ಕು ಮಕ್ಕಳದ್ದು. ಅವನು ಉಸಿರು ಬಿಟ್ಟ ರೀತಿ ಇವತ್ತಿಗೂ ಕಣ್ಣ ಮುಂದಿದೆ. ಆನರ್ಸ್ ಸಿಕ್ಕಿದ ಸುದ್ದಿಯನ್ನು ಅವರಪ್ಪ ಊರಿನ ನೆಂಟರ ವಾಟ್ಸಾಪ್ ಗ್ರೂಪಿಗೆಲ್ಲ ಹಾಕಿದ್ದರಂತೆ. ಈಗ ಅದನ್ನು ಬಿಟ್ಟೆ ಅಂತ ಹೇಳೋಕೆ ಅವನಿಗೆ ಬಾಯಿ ಬರಲಿಲ್ಲ. ಆಮೇಲೆ ಅವನು ಡಿಗ್ರಿ ಮುಗಿಸಿದ, ಕೆಲಸಕ್ಕೂ ಸೇರಿದ. ಆನರ್ಸ್ ಬಿಟ್ಟಿದ್ದರಿಂದ ಅವನಿಗೆ ಏನೂ ಹಾಳಾಗಲಿಲ್ಲ. ಹಾಳಾದದ್ದು ಮನೆಗೆ ಫೋನ್ ಮಾಡುವ ಧೈರ್ಯ.

ಅದಕ್ಕೇ ಹೇಳೋದು, ಈಗಲೇ ಮಗಳಿಗೆ ಬಾಯಿಬಿಟ್ಟು ಹೇಳು. ಆನರ್ಸ್ ಸೇರಿ ಹಿಡಿಸದಿದ್ದರೆ ಬಿಡಬಹುದು, ಸೇರದಿದ್ದರೂ ಪರವಾಗಿಲ್ಲ ಅಂತ. ಶ್ರಾಯರ್ ಥರದ ಕಡೆ, ಮೊದಲು ಸಿಗದವರು ಯೂನಿವರ್ಸಿಟಿ ಸೇರಿದ ಮೇಲೂ ಅರ್ಜಿ ಹಾಕಿ ಒಳಗೆ ಬರಬಹುದು. ಪೆನ್ ಸ್ಟೇಟಿನಲ್ಲೂ ಅವಳಿಗೆ ಸೀಟು ಸಿಕ್ಕಿದೆಯಲ್ಲ, ಅಲ್ಲಿಗೆ ಹೋಗೋದಾದರೂ ಆ ದಾರಿ ಇದೆ. ಬೇರೆ ರಾಜ್ಯದ ಫೀಸು ಅನ್ನೋದು ಮಾತ್ರ ನೆನಪಿರಲಿ.

ಈಗ ಆ ಖಾಸಗಿ ಯೂನಿವರ್ಸಿಟಿ. ವರ್ಷಕ್ಕೆ 90,000 ಡಾಲರ್ ದಾಟುತ್ತೆ ಅಂದೆ. ದೊಡ್ಡ ಹೆಸರಿಗೆ ಅಷ್ಟು ಕೊಡಬಹುದಾ? 2002ರಲ್ಲಿ ಸ್ಟೇಸಿ ಡೇಲ್, ಅಲನ್ ಕ್ರೂಗರ್ ಅನ್ನೋ ಇಬ್ಬರು ಅರ್ಥಶಾಸ್ತ್ರಜ್ಞರು ಇದನ್ನೇ ಹುಡುಕಿದರು. ಒಂದೇ ಮಟ್ಟದ ಕಾಲೇಜುಗಳಲ್ಲಿ ಸೀಟು ಸಿಕ್ಕ ಮಕ್ಕಳಲ್ಲಿ, ದೊಡ್ಡ ಹೆಸರು ಬಿಟ್ಟು ಬೇರೆ ಕಡೆ ಓದಿದವರೂ ಹೆಚ್ಚುಕಡಿಮೆ ಅಷ್ಟೇ ಸಂಪಾದಿಸುತ್ತಿದ್ದರು. ಬಡ ಮನೆಗಳಿಂದ ಬಂದವರಿಗೆ ಮಾತ್ರ ದೊಡ್ಡ ಕಾಲೇಜಿನಿಂದ ಲಾಭ ಕಂಡಿತು. 2023ರಲ್ಲಿ ರಾಜ್ ಚೆಟ್ಟಿ ಮತ್ತು ಜೊತೆಗಾರರು ಇನ್ನೊಂದು ಮಾತು ಸೇರಿಸಿದರು. ಹಾರ್ವರ್ಡ್, ಎಂಐಟಿಯಂಥ 12 ಕಾಲೇಜುಗಳಿಗೆ ಹೋದರೆ ಸರಾಸರಿ ಸಂಬಳ ಅಷ್ಟೇನೂ ಜಾಸ್ತಿಯಾಗೋದಿಲ್ಲ, ಆದರೆ ತೀರಾ ಮೇಲಿನ ಶೇಕಡಾ 1ರ ಆದಾಯಕ್ಕೆ ಏರುವ ಅವಕಾಶ ಜಾಸ್ತಿ ಅಂತ. ಸರಿ. ಆದರೆ ಅದು ಆ 12ರ ಮಾತು. ನಿಮಗೆ ಸಿಕ್ಕಿರೋದು ಆ ಪಟ್ಟಿಯಲ್ಲಿಲ್ಲ. ಬಯೋಮೆಡಿಕಲ್ ಮುಗಿಸಿ ಮುಂದೆ ಪಿಎಚ್‌ಡಿಯೋ ಮೆಡಿಕಲ್ಲೋ ಅನ್ನುವ ಮಗುವಿಗೆ ಬೇಕಾದದ್ದು ಲ್ಯಾಬು, ಒಳ್ಳೆ ಮಾರ್ಕು, ತಲೆಯ ಮೇಲೆ ಸಾಲವಿಲ್ಲದಿರೋದು.

ಸಾಲದ ವಿಷಯ ನೇರವಾಗಿ ಹೇಳಿಬಿಡುತ್ತೇನೆ. ಮೊದಲ ವರ್ಷ ಅವಳ ಹೆಸರಿನಲ್ಲಿ ಸಿಗುವ ಫೆಡರಲ್ (ಕೇಂದ್ರ ಸರ್ಕಾರದ) ಸಾಲ ಹೆಚ್ಚೆಂದರೆ 5,500 ಡಾಲರ್. ಉಳಿದದ್ದು ನಿಮ್ಮ ಉಳಿತಾಯ, ಇಲ್ಲವೇ ನಿಮ್ಮ ಹೆಸರಿನ ಸಾಲ. ಚಿಕ್ಕವನು ಇನ್ನೂ ಎಂಟನೇ ಕ್ಲಾಸು. ಅವನಿಗೂ ನಾಲ್ಕು ವರ್ಷಕ್ಕೆ ಇದೇ ಏಪ್ರಿಲ್ ಬರುತ್ತೆ. ಎಷ್ಟು ಕೊಡಲು ಸಾಧ್ಯ ಅನ್ನೋದನ್ನು ಅಳಿಯಂದಿರ ಜೊತೆ ಕೂತು ಒಂದು ಅಂಕೆಯಾಗಿ ಬರೆದುಕೋ, ಆ ಅಂಕೆಯನ್ನು ಮಗಳಿಗೂ ತೋರಿಸು. ಹದಿನೇಳು ವರ್ಷದವಳಿಗೆ ಲೆಕ್ಕ ಅರ್ಥವಾಗುತ್ತೆ. ನೀವು ಮರೆಮಾಚಿದರೆ ಅವಳು ಬೇರೆ ಏನೇನೋ ಊಹಿಸಿಕೊಳ್ಳುತ್ತಾಳೆ. ಆ ಖಾಸಗಿ ಯೂನಿವರ್ಸಿಟಿಯ ಧನಸಹಾಯದ ಆಫೀಸಿಗೆ ಒಮ್ಮೆ ಬರೆದು, ಇನ್ನೂ ಸಹಾಯ ಸಾಧ್ಯವಾ ಅಂತ ಕೇಳಿ. ಕೇಳೋದರಲ್ಲಿ ಮರ್ಯಾದೆ ಹೋಗೋದಿಲ್ಲ, ಎಷ್ಟೋ ಜನ ಕೇಳುತ್ತಾರೆ.

ನನ್ನ ಅಭಿಪ್ರಾಯ ಕೇಳಿದೆಯಲ್ಲ, ಹೇಳುತ್ತೇನೆ. ಈ ಮೂರರಲ್ಲಿ ನಾನಾದರೆ ರಟ್ಗರ್ಸ್ ಆನರ್ಸ್ ಆರಿಸುತ್ತಿದ್ದೆ. ಮನೆಯಿಂದ ಅರ್ಧ ಗಂಟೆ, ಸ್ವಂತ ರಾಜ್ಯದ ಫೀಸು, ಬಯೋಮೆಡಿಕಲ್ ಲ್ಯಾಬುಗಳು ಅಲ್ಲೇ. ಆದರೆ ಓದುವವಳು ಅವಳು. ಭೇಟಿ ಮುಗಿಸಿ ಬಂದ ಮೇಲೆ ನಿಮ್ಮ ಅಂಕೆಯೊಳಗೆ ಬರುವ ಯಾವುದನ್ನು ಆರಿಸಿದರೂ ಒಪ್ಪಿಕೊಳ್ಳಿ. 'ಮನೆ ಹತ್ತಿರ ಬೇಡ, ಪೆನ್ ಸ್ಟೇಟಿಗೆ ಹೋಗ್ತೀನಿ' ಅಂದರೂ ಬೇಜಾರು ಮಾಡಿಕೊಳ್ಳಬೇಡ. ಅವಳ ವಯಸ್ಸಿನಲ್ಲಿ ನೀನೂ ಮೈಸೂರು ಬಿಟ್ಟು ಬೆಂಗಳೂರಿನ ಹಾಸ್ಟೆಲ್ ಬೇಕು ಅಂತ ಹಟ ಹಿಡಿದಿದ್ದೆ, ಅಲ್ವಾ? ವೇಟ್‌ಲಿಸ್ಟಿನಲ್ಲಿರುವ ಕಾಲೇಜನ್ನು ನಂಬಿ ಕಾಯಬೇಡಿ. ಅದರ ಉತ್ತರ ಸಾಮಾನ್ಯವಾಗಿ ಮೇ 1 ಕಳೆದ ಮೇಲೆ ಬರೋದು. ಅಷ್ಟರೊಳಗೆ ಒಂದು ಕಡೆ ಡಿಪಾಸಿಟ್ ಕಟ್ಟಲೇಬೇಕು.

ಮೈಸೂರಿನ ಚಿಂತೆ ನಿನಗೆ ಬೇಡ. ಅಣ್ಣ ದಿನಾ ಫೋನ್ ಮಾಡಿ 'ದೊಡ್ಡ ಕಾಲೇಜು ಯಾವುದೂ ಸಿಗಲಿಲ್ವಾ' ಅಂತ ಕೇಳ್ತಾನೆ ಅಂದೆಯಲ್ಲ, ಈ ಶನಿವಾರ ನಾನೇ ಅವನಿಗೆ ಫೋನ್ ಮಾಡಿ ಎಲ್ಲ ಬಿಡಿಸಿ ಹೇಳುತ್ತೇನೆ. ಅತ್ತಿಗೆಗೂ ಹೇಳುತ್ತೇನೆ. ಮೊಮ್ಮಗಳ ಜೊತೆ ಮಾತಾಡುವಾಗ ಕಾಲೇಜಿನ ಸುದ್ದಿ ಎತ್ತಬಾರದು ಅಂತ ನಾನು ಹೇಳಿದರೆ ಅವನು ಕೇಳುತ್ತಾನೆ.

ಮೂರೂ ಕಡೆಯಿಂದ ಬಂದ ಧನಸಹಾಯದ ಪತ್ರಗಳ ಫೋಟೋ ತೆಗೆದು ನನಗೆ ಕಳಿಸು. ಯಾವುದು ನಿಜವಾದ ಸ್ಕಾಲರ್‌ಶಿಪ್ಪು, ಯಾವುದು ಸಾಲ ಅಂತ ಗುರುತು ಹಾಕಿ ವಾಪಸ್ ಕಳಿಸುತ್ತೇನೆ. ಅವಳಿಗೆ ನನ್ನ ಜೊತೆ ಮಾತಾಡಬೇಕು ಅನ್ನಿಸಿದರೆ ಎಷ್ಟು ಹೊತ್ತಿಗಾದರೂ ಫೋನ್ ಮಾಡಲಿ. ಏನು ಮಾತಾಡಿದೆವು ಅಂತ ನೀನು ನನ್ನನ್ನು ಕೇಳಬಾರದು, ಅಷ್ಟೇ.

ನಿನ್ನ
ಅತ್ತೆ