ಮಣಿಯ ಸವೆತ ನೋಡಿ ಬರಿ

ಪ್ರೀತಿಯ ತಂಗಿ,

ನಿನ್ನ ಲೇಖನ ಓದಿದೆ. ದಕ್ಷಿಣ ಆಫ್ರಿಕಾದ ಬ್ಲಾಂಬೋಸ್ ಗುಹೆಯಲ್ಲಿ ಸಿಕ್ಕ ಚಿಪ್ಪಿನ ಮಣಿಗಳ ಬಗ್ಗೆ ಕನ್ನಡದಲ್ಲಿ ಬರೆಯಬೇಕು ಅಂತ ನಿನಗೆ ಅನ್ನಿಸಿದ್ದೇ ನನಗೆ ತುಂಬ ಖುಷಿ. ಆದರೆ ಶುರುವಿನ ಎರಡು ಪುಟ ತೆಗೆದುಬಿಡು. ಬೆಳದಿಂಗಳಲ್ಲಿ ಕಡಲ ದಂಡೆಗೆ ಬಂದ ಹುಡುಗಿ, ಅವಳ ಕಣ್ಣಿಗೆ ಬಿದ್ದ ಚಿಪ್ಪು, ‘ನಾನು ಯಾರು’ ಅಂತ ಅವಳೊಳಗೆ ಎದ್ದ ಪ್ರಶ್ನೆ. ಓದಲು ಚೆನ್ನಾಗಿದೆ, ನಿಜ. ಆದರೆ ಇದನ್ನು ಬರೆಯಲು ಆ ಗುಹೆಯೂ ಬೇಕಿಲ್ಲ, ಆ ಮಣಿಯೂ ಬೇಕಿಲ್ಲ. ಅಗೆದಾಗ ಸಿಕ್ಕ ಯಾವ ವಸ್ತುವಿನಿಂದಲೂ ಈ ಹುಡುಗಿ ಹುಟ್ಟಿಲ್ಲ.

ಚಿಪ್ಪಿನ ಹತ್ತಿರ ಹೋಗು. ಅದು ಬೆರಳ ಉಗುರಿಗಿಂತ ಚಿಕ್ಕದು. ನಸ್ಸಾರಿಯಸ್ ಎಂಬ ಪುಟ್ಟ ಬಸವನಹುಳುವಿನ ಮನೆ. ಪುರಾತತ್ವಜ್ಞ ಕ್ರಿಸ್ಟೋಫರ್ ಹೆನ್ಶಿಲ್‌ವುಡ್ ಮತ್ತು ಸಂಗಡಿಗರು ಇಂಥ 41 ಮಣಿಗಳ ವಿವರವನ್ನು 2004ರಲ್ಲಿ ಪ್ರಕಟಿಸಿದರು. ಸುಮಾರು 75,000 ವರ್ಷ ಹಳೆಯವು. ತಿಂದು ಬಿಸಾಕಿದ ಚಿಪ್ಪು ಇರಬಹುದಲ್ಲ ಅಂತ ಯಾರಾದರೂ ಕೇಳುತ್ತಾರೆ. ಆದರೆ ಅದರಲ್ಲಿ ಹೊಟ್ಟೆಗಾಗುವಷ್ಟು ಮಾಂಸವೇ ಇಲ್ಲ. ಮೇಲಾಗಿ ಈ ಹುಳು ಬದುಕುವುದು ನದಿ ಕಡಲು ಸೇರುವ ಅಳಿವೆಗಳಲ್ಲಿ. ಗುಹೆಯಿಂದ ಅಳಿವೆಗೆ, ಪೂರ್ವಕ್ಕೆ ಹೋದರೂ ಪಶ್ಚಿಮಕ್ಕೆ ಹೋದರೂ, ಸುಮಾರು 20 ಕಿ.ಮೀ. ಯಾರೋ ಅಷ್ಟು ದೂರದಿಂದ ತಂದಿದ್ದಾರೆ. ಸಿಕ್ಕಿದ್ದನ್ನೆಲ್ಲ ಬಾಚಿಕೊಂಡು ಬಂದಿಲ್ಲ, ಬಲಿತ ಚಿಪ್ಪುಗಳನ್ನೇ ಆರಿಸಿದ್ದಾರೆ. ತೂತು ಹೆಚ್ಚುಕಡಿಮೆ ಎಲ್ಲದಕ್ಕೂ ಒಂದೇ ಕಡೆ ಇದೆ. ಮೂಳೆಯ ಚೂಪು ತುದಿಯನ್ನು ಚಿಪ್ಪಿನ ಬಾಯಿಯೊಳಗೆ ತೂರಿಸಿ ಒತ್ತಿದರೆ ಇಂಥದೇ ತೂತು ಬೀಳುತ್ತದೆ. ಸಂಶೋಧಕರು ಇದನ್ನು ಮಾಡಿ ನೋಡಿದ್ದಾರೆ.

ಇನ್ನು ಸವೆತ. ದಾರ ಉಜ್ಜಿದ ಕಡೆ, ಪಕ್ಕದ ಮಣಿ ತಾಗಿದ ಕಡೆ ಚಿಪ್ಪು ನುಣುಪಾಗಿದೆ. ದಂಡೆಯಲ್ಲಿ ಅಲೆಗೆ ಸಿಕ್ಕಿ ಸವೆದ ಚಿಪ್ಪಿನಲ್ಲಿ ಈ ಗುರುತು ಹೀಗೆ ಇರುವುದಿಲ್ಲ. ದಾರ ಎಂದೋ ಮಣ್ಣಾಗಿದೆ, ಅದರ ಗುರುತು ಮಾತ್ರ ಮಣಿಯ ಮೇಲೆ ಉಳಿದಿದೆ. ಕೆಲವು ಮಣಿಗಳಿಗೆ ಕಾವಿಯ ಕೆಂಪೂ ಹತ್ತಿದೆ. ಬೇಕೆಂದೇ ಬಳಿದದ್ದೋ, ಬಣ್ಣ ಹಚ್ಚಿದ ಮೈಯಿಂದ, ದಾರದಿಂದ ಹತ್ತಿದ್ದೋ? ನೀನು ಒಂದನ್ನೇ ಆರಿಸಿ ಬರೆದಿದ್ದೀಯ. ಎರಡನ್ನೂ ಬರಿ. ಓದುವವರು ಗೊಂದಲಕ್ಕೆ ಬೀಳುವುದಿಲ್ಲ, ನಿನ್ನ ಮೇಲೆ ನಂಬಿಕೆ ಜಾಸ್ತಿ ಆಗುತ್ತದೆ.

ನಿನ್ನ ಲೇಖನದ ಜೀವ ಇರುವುದು ನೀನು ಒಂದೇ ಸಾಲಿನಲ್ಲಿ ದಾಟಿಹೋದ ಜಾಗದಲ್ಲಿ. 2013ರಲ್ಲಿ ಮರಿಯಾನ್ ವಾನ್‌ಹೇರನ್, ಫ್ರಾನ್ಸೆಸ್ಕೊ ದ’ಎರಿಕೊ ಮೊದಲಾದ ಸಂಶೋಧಕರು ಈ ಸವೆತವನ್ನೇ ಹಿಡಿದುಕೊಂಡು, ಮಣಿಗಳನ್ನು ಹೇಗೆ ಪೋಣಿಸಿದ್ದರು ಅಂತ ಹುಡುಕಿದರು. ಇಂದಿನ ಚಿಪ್ಪುಗಳನ್ನು ಬೇರೆ ಬೇರೆ ರೀತಿ ಕಟ್ಟಿ, ಸವೆಸಿ, ಹೋಲಿಸಿ ನೋಡಿದರು. ಕೆಳಗಿನ ಪದರದ, ಅಂದರೆ ಹೆಚ್ಚು ಹಳೆಯ ಮಣಿಗಳು ದಾರದಲ್ಲಿ ಸಡಿಲವಾಗಿ ನೇತಾಡುತ್ತಿದ್ದವು, ಹೊಳೆಯುವ ಚಪ್ಪಟೆ ಬದಿಗಳು ಒಂದಕ್ಕೊಂದು ತಾಗಿಕೊಂಡು. ಮೇಲಿನ ಪದರಗಳಿಗೆ ಬಂದರೆ ಎರಡೆರಡು ಮಣಿ ಸೇರಿಸಿ ಗಂಟು ಹಾಕಿದ್ದಾರೆ, ಹೊಳೆಯುವ ಬದಿ ಕಾಣುವ ಹಾಗೆ. ಅದೇ ಗುಹೆ, ಅದೇ ಜಾತಿಯ ಚಿಪ್ಪು, ಕಟ್ಟುವ ರೀತಿ ಮಾತ್ರ ಬದಲಾಗಿದೆ.

ಇಲ್ಲಿ ನಿಲ್ಲು. ಒಬ್ಬರಿಗೆ ಚಿಪ್ಪು ಚೆಂದ ಕಂಡು ಕೊರಳಿಗೆ ಹಾಕಿಕೊಂಡರೆ ಅದು ಅವರೊಬ್ಬರ ಆಸೆ ಅನ್ನಬಹುದು. ಸರ ಹೀಗೆ ಕಟ್ಟಬೇಕು ಅನ್ನುವ ರೂಢಿ ಒಂದು ಗುಂಪಿನಲ್ಲಿ ಬಂದು, ಕಾಲ ಕಳೆದ ಮೇಲೆ ಬೇರೆಯಾದರೆ, ಅಲ್ಲಿ ಕಲಿಸಿದವರಿದ್ದಾರೆ, ಕಲಿತವರಿದ್ದಾರೆ, ನೋಡಿ ಗುರುತಿಸುವ ಕಣ್ಣುಗಳಿವೆ. ಈ ಮಣಿಗಳು ಬರೀ ಅಲಂಕಾರವಲ್ಲ, ಸಂಕೇತ ಅನ್ನುವ ಮಾತಿಗೆ ನನಗೆ ಸಿಕ್ಕ ಗಟ್ಟಿ ಆಧಾರ ಇದೇ. ಬೆಳದಿಂಗಳ ಹುಡುಗಿಗಿಂತ ಈ ಗಂಟು ನನ್ನನ್ನು ಹೆಚ್ಚು ತಟ್ಟುತ್ತದೆ. ನಿನ್ನ ಕಲ್ಪನೆಗೂ ಇಲ್ಲಿ ಬೇಕಾದಷ್ಟು ಕೆಲಸ ಇದೆ. ಅಷ್ಟು ಚಿಕ್ಕ ಚಿಪ್ಪನ್ನು ಬೆರಳಲ್ಲಿ ಹಿಡಿಯುವುದು ಹೇಗೆ, ಒತ್ತುವಾಗ ಎಷ್ಟು ಒಡೆದುಹೋಗಬಹುದು, ದಾರ ಯಾವುದರದ್ದು?

ಸವದತ್ತಿ ಎಲ್ಲಮ್ಮನ ಜೋಗತಿಯರ ಕವಡೆ ಸರವನ್ನು ನೀನು ತಂದಿದ್ದೀಯ. ‘ಹಾಗೆಯೇ ಇವೂ ದೇವಿಗೆ ಮೀಸಲು’ ಅಂದಿದ್ದೀಯ. ಇದು ಬೇಡಮ್ಮ. ಕವಡೆ ಸರದ ಅರ್ಥವನ್ನು ಹಾಕಿಕೊಂಡವರನ್ನೇ ಕೇಳಿ ತಿಳಿಯಬಹುದು. ಬ್ಲಾಂಬೋಸಿನ ಮಣಿಗೆ ಹಾಗೆ ಹೇಳುವವರು ಯಾರೂ ಉಳಿದಿಲ್ಲ. ಎರಡೂ ಚಿಪ್ಪು ಅನ್ನುವುದಷ್ಟೇ ಸಂಬಂಧ.

‘ಜಗತ್ತಿನ ಮೊದಲ ಆಭರಣ’ ಅನ್ನುವ ತಲೆಬರಹವನ್ನೂ ಬದಲಿಸು. ಬ್ಲಾಂಬೋಸ್ ಸುದ್ದಿಯಾದ ಕೆಲವೇ ವರ್ಷಗಳಲ್ಲಿ ಮೊರಾಕ್ಕೊದ ತಫೋರಾಲ್ಟ್ ಗುಹೆಯಿಂದ ಸುಮಾರು 82,000 ವರ್ಷದ ಮಣಿಗಳು ಬಂದವು. 2021ರಲ್ಲಿ ಅದೇ ದೇಶದ ಬಿಜ್‌ಮೂನ್ ಗುಹೆಯ 33 ಮಣಿಗಳು. ಅವುಗಳಲ್ಲಿ ಹೆಚ್ಚಿನವು 1,42,000 ವರ್ಷಕ್ಕೂ ಹಳೆಯವು ಅಂತ ಲೆಕ್ಕ. ಇಸ್ರೇಲಿನ ಖಫ್ಜೆ ಗುಹೆಯಲ್ಲೂ ಬ್ಲಾಂಬೋಸಿಗಿಂತ ಮೊದಲೇ, ಸಹಜವಾಗಿಯೇ ತೂತಿದ್ದ ಚಿಪ್ಪುಗಳನ್ನು ಆರಿಸಿ ದಾರಕ್ಕೆ ಹಾಕಿದ್ದರು. ತೂತು ಮಾಡುವ ಶ್ರಮವನ್ನು ಕಡಲೇ ತಪ್ಪಿಸಿತ್ತು. ನಾಳೆ ಇನ್ನೊಂದು ಗುಹೆ ತೆರೆದರೆ ನಿನ್ನ ತಲೆಬರಹ ಸುಳ್ಳಾಗುತ್ತದೆ, ಗಂಟು ಬದಲಾದ ಕಥೆ ಸುಳ್ಳಾಗುವುದಿಲ್ಲ.

ಹಾಗಾಗಿ ಗಂಟಿನ ಭಾಗವನ್ನೇ ಮೊದಲಿಗೆ ತಾ. ಗುಹೆ ಎಲ್ಲಿದೆ, ಯಾರು ಅಗೆದರು ಅನ್ನುವುದೆಲ್ಲ ಆಮೇಲೆ, ಬೇಕಾದಲ್ಲಿ ಬೇಕಾದಷ್ಟೇ ಬರಲಿ. ಬರೆಯುವ ಮುಂಚೆ ಒಂದಷ್ಟು ಸಣ್ಣ ಚಿಪ್ಪು ತರಿಸಿಕೊಂಡು ನೀನೇ ತೂತು ಮಾಡಿ, ನಾರಿನಲ್ಲಿ ಎರಡೆರಡನ್ನು ಸೇರಿಸಿ ಕಟ್ಟಿ ನೋಡು. ಆಮೇಲೆ ಬರೆದದ್ದನ್ನು ನನಗೆ ಕಳಿಸು, ಕಾಯುತ್ತಿರುತ್ತೇನೆ.

ನಿನ್ನ ಅಕ್ಕ