ಬುಜಾಂಗ್ ಕಣಿವೆಯ ಪಟ್ಟಿಯನ್ನು ಪ್ರಕಟಿಸಿ: ಮಲೇಷ್ಯಾದ ಕೆಡಾ ರಾಜ್ಯದ ಮುಖ್ಯಮಂತ್ರಿಗಳಿಗೆ ಬಹಿರಂಗ ಪತ್ರ

ಮಾನ್ಯ ಮುಖ್ಯಮಂತ್ರಿಗಳಿಗೆ ಗೌರವಪೂರ್ವಕ ನಮಸ್ಕಾರಗಳು.

ಈ ಪತ್ರದ ಮಲಯ ಭಾಷೆಯ ಪ್ರತಿಯನ್ನು ಅಲೋರ್ ಸೆತಾರಿನ ತಮ್ಮ ಕಚೇರಿಗೆ ಅಂಚೆಯಲ್ಲಿ ಕಳುಹಿಸಿದ್ದೇನೆ. ಹಿಂದೆ ಬರೆದವುಗಳಿಗೆ ‘ತಮ್ಮ ಮನವಿ ತಲುಪಿದೆ’ ಎಂಬ ಒಂದು ಸಾಲಿಗಿಂತ ಹೆಚ್ಚಿನ ಉತ್ತರ ಬರಲಿಲ್ಲವಾದ್ದರಿಂದ, ಈ ಸಲ ಕನ್ನಡದಲ್ಲಿಯೂ ಬರೆದು ನಮ್ಮವರ ಮುಂದಿಡುತ್ತಿದ್ದೇನೆ. ನಾನು ಕೋಲಾರದ ಕಡೆಯವನು. ಎರಡು ದಶಕಗಳಿಗೂ ಹೆಚ್ಚು ಕಾಲದಿಂದ ಸುಂಗೈ ಪೆತಾನಿಯಲ್ಲಿ ನೆಲೆಸಿರುವ ಕಾಯಂ ನಿವಾಸಿ. ತೆರಿಗೆ ಕಟ್ಟುತ್ತೇನೆ, ಮತ ಹಾಕುವಂತಿಲ್ಲ. ನನ್ನ ಪತ್ರವನ್ನು ಕಸದ ಬುಟ್ಟಿಗೆ ಹಾಕಿದರೂ ಚುನಾವಣೆಯಲ್ಲಿ ತಮಗೆ ಒಂದು ಮತವೂ ಕಡಿಮೆಯಾಗುವುದಿಲ್ಲ ಎಂಬುದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುತ್ತೇನೆ.

ನಾನು ಕೇಳುತ್ತಿರುವುದು ಇಷ್ಟೇ. ಬುಜಾಂಗ್ ಕಣಿವೆಯಲ್ಲಿ ಈವರೆಗೆ ಗುರುತಿಸಿರುವ ಪ್ರತಿಯೊಂದು ಪುರಾತನ ನೆಲೆಯೂ ಯಾವ ಸರ್ವೆ ನಂಬರಿನಲ್ಲಿದೆ, ಅದು ಸರ್ಕಾರದ ಜಮೀನೋ ಖಾಸಗಿಯದೋ, ಗೆಜೆಟ್‌ನಲ್ಲಿ ಅಧಿಸೂಚನೆ ಆಗಿದೆಯೋ ಇಲ್ಲವೋ ಎಂಬುದರ ಪೂರ್ಣ ಪಟ್ಟಿಯನ್ನು ಪ್ರಕಟಿಸಬೇಕು. ಜೊತೆಗೆ ಆಯಾ ಜಮೀನಿನ ಹಕ್ಕುಪತ್ರದಲ್ಲಿಯೇ ಅದನ್ನು ನಮೂದಿಸಬೇಕು.

2005ರ ರಾಷ್ಟ್ರೀಯ ಪರಂಪರೆ ಕಾಯ್ದೆಯನ್ನು ತಮಗೆ ವಿವರಿಸುವ ಉದ್ಧಟತನ ನನಗಿಲ್ಲ. ಭೂಮಿ ರಾಜ್ಯದ ವಿಷಯ ಎಂಬುದೂ, ಪರಂಪರೆ ಆಯುಕ್ತರು ಕುಳಿತಿರುವುದು ಕೇಂದ್ರದಲ್ಲಿ ಎಂಬುದೂ, ಅಪಾಯದಲ್ಲಿರುವ ನೆಲೆಗೆ ಮಧ್ಯಂತರ ರಕ್ಷಣಾ ಆದೇಶ ಹೊರಡಿಸಲು ಅವಕಾಶವಿದೆ ಎಂಬುದೂ ತಮಗೆ ನನಗಿಂತ ಚೆನ್ನಾಗಿ ತಿಳಿದಿದೆ. ತಿಳಿದಿರುವುದರಿಂದಲೇ ಈ ಪತ್ರ.

2013ರಲ್ಲಿ ನಡೆದದ್ದು ತಮಗೆ ನೆನಪಿರಬಹುದು. ಸುಂಗೈ ಬಾತು ಪ್ರದೇಶದಲ್ಲಿದ್ದ, ಸುಮಾರು 1,200 ವರ್ಷ ಹಳೆಯದೆಂದು ಅಂದಾಜಿಸಿದ್ದ ಹನ್ನೊಂದನೆಯ ಸಂಖ್ಯೆಯ ಚಂಡಿಯನ್ನು (ಇಲ್ಲಿ ಹಳೆಯ ಗುಡಿಯ ಅವಶೇಷಕ್ಕೆ ಹಾಗೆನ್ನುತ್ತಾರೆ) ಮನೆ ಕಟ್ಟುವವರು ನೆಲಸಮ ಮಾಡಿದರು. ಸುದ್ದಿ ಹೊರಬಿದ್ದದ್ದು ಎಲ್ಲ ಮುಗಿದ ಮೇಲೆ, ವರ್ಷದ ಕೊನೆಯಲ್ಲಿ. ಅಲ್ಲಿ ಅಂಥದೊಂದು ಇತ್ತೆಂದು ತಮಗೆ ಗೊತ್ತೇ ಇರಲಿಲ್ಲ ಎಂದು ಕಟ್ಟುವವರು ಹೇಳಿದರು; ಅದು ಖಾಸಗಿ ಜಮೀನು, ಅಧಿಸೂಚಿತ ನೆಲೆಯಲ್ಲ ಎಂದು ಆಗಿನ ಸರ್ಕಾರ ಹೇಳಿತು. ಇಬ್ಬರ ಮಾತೂ ನಿಜವೇ ಇರಬಹುದು. ಹಾಗಾದರೆ ತಪ್ಪು ಯಾರದು, ಎಂಟನೆಯ ಶತಮಾನದ ಗಾರೆಯವನದೋ? ಅರ್ಜಿ ಹಾಕದೆ, ಮಂಜೂರಾತಿ ಪಡೆಯದೆ ಕಟ್ಟಿಬಿಟ್ಟನಲ್ಲ!

ಸಂಖ್ಯೆ ಇತ್ತು ಎಂಬುದನ್ನು ಗಮನಿಸಬೇಕು. ಕ್ವಾರಿಚ್ ವೇಲ್ಸ್ ಎಂಬ ಬ್ರಿಟಿಷ್ ಪುರಾತತ್ವ ಸಂಶೋಧಕ ದಂಪತಿ 1936-37ರಲ್ಲಿ ಈ ಕಣಿವೆಯನ್ನು ಅಗೆದು, ಸುಮಾರು ಮೂವತ್ತು ನೆಲೆಗಳಿಗೆ ಸಂಖ್ಯೆ ಕೊಟ್ಟು 1940ರಲ್ಲಿ ವರದಿ ಪ್ರಕಟಿಸಿದರು. ಎಂದರೆ ಎಪ್ಪತ್ತಕ್ಕೂ ಹೆಚ್ಚು ವರ್ಷ ವಿದ್ವಾಂಸರ ಪಟ್ಟಿಯಲ್ಲಿದ್ದ ಕಟ್ಟಡ, ಜಮೀನಿನ ದಾಖಲೆಯಲ್ಲಿ ಮಾತ್ರ ಇರಲಿಲ್ಲ. 1834ರಲ್ಲಿ ಜೇಮ್ಸ್ ಲೋ ಎಂಬ ಇಂಗ್ಲಿಷರ ಸೇನಾಧಿಕಾರಿಗೆ ಪಕ್ಕದ ಸೆಬೆರಾಂಗ್ ಪೆರಾಯಿಯಲ್ಲಿ ಸಿಕ್ಕ ಬುದ್ಧಗುಪ್ತನೆಂಬ ನಾವಿಕನ ಶಾಸನ ಇಂದಿಗೂ ಕೋಲ್ಕತ್ತದ ವಸ್ತುಸಂಗ್ರಹಾಲಯದಲ್ಲಿದೆ. ಅದನ್ನು ಸಾಗಿಸಿದ್ದು ಸರಿಯೋ ತಪ್ಪೋ ಬೇರೆ ಚರ್ಚೆ. ಆದರೆ ದೇಶ ಬಿಟ್ಟು ಹೋದ ಕಲ್ಲು ಉಳಿದು, ಇದ್ದಲ್ಲೇ ಇದ್ದ ಗುಡಿ ಹೋಯಿತೆಂದರೆ, ರಾಜ್ಯವನ್ನಾಳುವವರಿಗೆ ಸ್ವಲ್ಪವಾದರೂ ಮುಜುಗರವಾಗಬೇಡವೇ?

ಇನ್ನು ನನ್ನ ಅನುಭವ. ಮೆರ್ಬೊಕ್ ಕಡೆಯ ಹಳ್ಳಿಯೊಂದರಲ್ಲಿ ನನ್ನ ಹಳೆಯ ಸಹೋದ್ಯೋಗಿಯ ಮನೆಯ ಹಿಂದೆ ತಾಳೆ ಎಣ್ಣೆಯ ತೋಟವಿದೆ. ಅದರ ಅಂಚಿನಲ್ಲಿ ಮಂಡಿಯೆತ್ತರದ ಒಂದು ದಿಬ್ಬ. ಮಳೆಗೆ ಮಣ್ಣು ಜಾರಿದ ಕಡೆ ಇಟ್ಟಿಗೆಗಳು ಕಾಣುತ್ತವೆ. ಈಗಿನವಕ್ಕಿಂತ ಅಗಲವಾದವು, ಮುರಿದ ಅಂಚಿನಲ್ಲಿ ಭತ್ತದ ಹೊಟ್ಟಿನ ಗುರುತುಳ್ಳವು. ಒಂದು ಬದಿಯಲ್ಲಿ ಜಂಬಿಟ್ಟಿಗೆಯ ಕಲ್ಲು, ಅದರ ನಡುವೆ ಕಂಬ ಕೂರಿಸುವಂಥ ದುಂಡನೆಯ ಕುಳಿ. ಪಕ್ಕದ ಮನೆಯ ಅಜ್ಜಿಯನ್ನು ಊರೆಲ್ಲ ‘ಮಕ್ ಚಿಕ್’ ಎಂದು ಕರೆಯುತ್ತದೆ, ನಾನೂ ಹಾಗೆಯೇ ಕರೆಯುತ್ತೇನೆ. ಅಲ್ಲಿ ರಬ್ಬರ್ ಮರಗಳಿದ್ದ ಕಾಲದಲ್ಲಿ ಹಾಲು ಇಳಿಸಲು ಹೋಗುತ್ತಿದ್ದ ಅವರ ತಂದೆ ಆ ದಿಬ್ಬವನ್ನು ತುಳಿಯದೆ ಸುತ್ತಿಕೊಂಡು ಹೋಗುತ್ತಿದ್ದರಂತೆ. ಮಕ್ಕಳು ಅದರ ಮೇಲೆ ಕುಳಿತರೆ ಅಜ್ಜಿ ಇಂದಿಗೂ ಗದರುತ್ತಾರೆ. ಅದು ಎಷ್ಟು ಹಳೆಯದೆಂದು ನಾನು ಹೇಳಲಾರೆ. ಹೇಳಬಲ್ಲವರು ಬಂದು ನೋಡಬೇಕು.

ಯಾರೂ ಬರಲಿಲ್ಲ. ತೋಟಕ್ಕೆ ಕಾಲುವೆ ತೆಗೆಯಲು ಜೆಸಿಬಿ ಬಂದು ದಿಬ್ಬದ ಒಂದು ಮೂಲೆಯನ್ನು ಕಿತ್ತಾಗ, ಓಡಿಹೋಗಿ ಒಂದು ಕಚೇರಿಯಲ್ಲಿ ದೂರು ಕೊಟ್ಟೆ. ಅವರು ‘ಗೆರಾನ್’ ಕೇಳಿದರು, ಎಂದರೆ ಜಮೀನಿನ ಹಕ್ಕುಪತ್ರ. ಜಮೀನು ನನ್ನದಲ್ಲ ಎಂದರೆ, ಮಾಲೀಕರಿಂದ ಒಪ್ಪಿಗೆ ಪತ್ರ ತನ್ನಿ ಎಂದರು. ಕೆಡವುತ್ತಿರುವವನ ವಿರುದ್ಧ ದೂರು ಕೊಡಲು ಕೆಡವುತ್ತಿರುವವನದೇ ಒಪ್ಪಿಗೆ! ಇನ್ನೊಂದು ಕಚೇರಿಯವರು ಸರ್ವೆ ನಂಬರ್ ಬರೆದುಕೊಂಡು, ಅದು ನಮ್ಮ ಪಟ್ಟಿಯಲ್ಲಿಲ್ಲ ಎಂದರು. ಪಟ್ಟಿ ತೋರಿಸಿ ಎಂದು ಕೇಳಿದ್ದಕ್ಕೆ, ಬಹಿರಂಗಪಡಿಸಿದರೆ ನಿಧಿಗಳ್ಳರು ಬರುತ್ತಾರೆ, ಆದ್ದರಿಂದ ಕೊಡಲಾಗದು ಎಂಬ ಉತ್ತರ ಬಂತು. ಬಿಸಿಲಿನಲ್ಲಿ ಮಧುಮೇಹದ ಕಾಲುಗಳನ್ನು ಎಳೆದುಕೊಂಡು ಒಂದು ಕಚೇರಿಯಿಂದ ಇನ್ನೊಂದಕ್ಕೆ ಅಲೆದು ನಾನು ತಿಳಿದುಕೊಂಡದ್ದು ಇಷ್ಟು: ಕಳ್ಳನಿಗೆ ತಿಳಿಯಬಾರದೆಂದು ಮಾಲೀಕನಿಗೂ ಹೇಳುವುದಿಲ್ಲ, ಮಾಲೀಕನಿಗೆ ತಿಳಿಯದ್ದರಿಂದ ಅವನು ಅಗೆಸುತ್ತಾನೆ, ಅಗೆಸಿದ ಮೇಲೆ, ಅವನಿಗೆ ತಿಳಿದಿರಲಿಲ್ಲ ಎಂದು ಎಲ್ಲರೂ ಸೇರಿ ಅವನನ್ನು ಕ್ಷಮಿಸುತ್ತಾರೆ. ಇಷ್ಟು ಪರಿಪೂರ್ಣವಾದ ವ್ಯವಸ್ಥೆಯನ್ನು ರೂಪಿಸಿದವರಿಗೆ ತಾವು ಬಿರುದು ಕೊಟ್ಟು ಸನ್ಮಾನಿಸಬೇಕು.

ನಿಧಿಗಳ್ಳರ ಭಯ ಸುಳ್ಳೆಂದು ನಾನು ಹೇಳುತ್ತಿಲ್ಲ. ಆದರೆ ಹನ್ನೊಂದನೆಯ ಚಂಡಿಯನ್ನು ಕೆಡವಿದವರು ನಿಧಿಗಳ್ಳರಲ್ಲ, ನಿವೇಶನ ಮಾಡುವವರು. ದಯವಿಟ್ಟು ಪಟ್ಟಿಯನ್ನು ಪ್ರಕಟಿಸಿ.

ಸುಂಗೈ ಬಾತುವಿನಲ್ಲಿ 2009ರಿಂದ ನಡೆದ ಉತ್ಖನನದಲ್ಲಿ ಕಬ್ಬಿಣ ಕರಗಿಸುತ್ತಿದ್ದ ಕುಲುಮೆಗಳು, ರಾಶಿ ರಾಶಿ ಊದುಕೊಳವೆಗಳು, ನದಿಯಂಚಿನ ಕಟ್ಟಡಗಳ ಬುನಾದಿಗಳು ಸಿಕ್ಕಿವೆ. ಅದರ ಕಾಲವನ್ನು ಕ್ರಿಸ್ತಪೂರ್ವಕ್ಕೆ ಒಯ್ಯುವ ವಾದವನ್ನು ಎಲ್ಲ ವಿದ್ವಾಂಸರೂ ಒಪ್ಪಿಲ್ಲ. ಆದರೂ ಆಗ್ನೇಯ ಏಷ್ಯಾದ ಅತ್ಯಂತ ಹಳೆಯ ನಾಗರಿಕತೆ ಎಂಬ ಹೆಮ್ಮೆಯ ಭಾಷಣಗಳನ್ನು ನಾನೂ ಕೇಳಿದ್ದೇನೆ. ಅತ್ಯಂತ ಹಳೆಯದೆಂದು ಹೊಗಳಲು ಖರ್ಚಿಲ್ಲ, ಬೇಲಿ ಹಾಕಲು ಇದೆ.

ಕಣಿವೆಯ ಹೆಸರೆತ್ತಿದರೆ ಸಾಕು, ಇದನ್ನೆಲ್ಲ ಚೋಳರೇ ಕಟ್ಟಿದ್ದೆಂದು ಕೆಲವರೂ, ಇಸ್ಲಾಮಿಗೆ ಮುಂಚಿನದು ನಮಗೇಕೆ ಎಂದು ಕೆಲವರೂ ಜಗಳಕ್ಕೆ ನಿಲ್ಲುತ್ತಾರೆ. ನಮ್ಮೂರಿನ ಕೋಲಾರಮ್ಮನ ಗುಡಿಯಲ್ಲಿ ಶಾಸನವುಳ್ಳ ರಾಜೇಂದ್ರ ಚೋಳನೇ ಸುಮಾರು 1025ರಲ್ಲಿ ಹಡಗುಗಳನ್ನು ಕಳುಹಿಸಿ ಕಡಾರವನ್ನು, ಎಂದರೆ ಈ ಕೆಡಾವನ್ನು, ಗೆದ್ದೆನೆಂದು ತಂಜಾವೂರಿನಲ್ಲಿ ಬರೆಸಿದ್ದಾನೆ. ದಾಳಿ ಮಾಡಲು ಅರ್ಹವಾದ ಸಿರಿವಂತ ಬಂದರು ಅವನಿಗಿಂತ ಮೊದಲೇ ಇಲ್ಲಿತ್ತು ಎಂದಲ್ಲವೇ ಅದರ ಅರ್ಥ? ಏಳನೆಯ ಶತಮಾನದಲ್ಲಿಯೇ ಚೀನಾದ ಯಾತ್ರಿಕ ಇತ್ಸಿಂಗ್ ಇಲ್ಲಿಗೆ ಬಂದು ಭಾರತದತ್ತ ಹೊರಟಿದ್ದ. 1,217 ಮೀಟರ್ ಎತ್ತರದ ಗುನುಂಗ್ ಜೆರಾಯ್ ಬೆಟ್ಟವನ್ನು ಗುರುತಿಟ್ಟುಕೊಂಡು ಬಂದು, ಗಾಳಿ ತಿರುಗುವವರೆಗೆ ಕಾಯುತ್ತಿದ್ದ ಹೊರಗಿನವರಿಗೆ ಅಕ್ಕಿ ಕೊಟ್ಟವರು, ಇಟ್ಟಿಗೆ ಸುಟ್ಟವರು, ಕಬ್ಬಿಣ ಕರಗಿಸಿದವರು ಈ ನೆಲದವರೇ. ಮಕ್ ಚಿಕ್ ಐದು ಹೊತ್ತು ನಮಾಜು ಮಾಡುವವರು. ದಿಬ್ಬಕ್ಕೆ ಮರ್ಯಾದೆ ಕೊಟ್ಟದ್ದರಿಂದ ಅವರ ನಂಬಿಕೆಗೆ ಯಾವ ಕುಂದೂ ಬಂದಿಲ್ಲ. ಸರ್ಕಾರಕ್ಕೂ ಬರಲಾರದು.

ಬುಕಿತ್ ಬಾತು ಪಹಾತ್‌ನ ಗುಡಿಯನ್ನು 1960ರಲ್ಲಿ ಅದು ಇದ್ದ ಜಾಗದಲ್ಲೇ ಮತ್ತೆ ಜೋಡಿಸಿ ನಿಲ್ಲಿಸಿದರು. ಬೇರೆಡೆಯ ಕೆಲವನ್ನು ಮೆರ್ಬೊಕ್‌ನ ವಸ್ತುಸಂಗ್ರಹಾಲಯದ ಅಂಗಳಕ್ಕೆ ತಂದು ಕಟ್ಟಿದ್ದಾರೆ. ನೆಂಟರು ಬಂದಾಗಲೆಲ್ಲ ಕರೆದೊಯ್ದು ತೋರಿಸುತ್ತೇನೆ, ಆ ಕೆಲಸಕ್ಕೆ ಕೃತಜ್ಞತೆಯೂ ಇದೆ. ಆದರೆ ಅಂಗಳದೊಳಗಿನ ನಾಲ್ಕು ಗುಡಿಗಳನ್ನು ತೋರಿಸಿ, ಹೊರಗಿನ ತೋಟಗಳಲ್ಲಿ ಉಳಿದವುಗಳ ಲೆಕ್ಕವನ್ನು ಯಾರೂ ಕೇಳದಂತೆ ಮಾಡಬಾರದು.

ಆದ್ದರಿಂದ ಮತ್ತೊಮ್ಮೆ: ಪಟ್ಟಿಯನ್ನು ಪ್ರಕಟಿಸಿ. ಪ್ರತಿ ನೆಲೆಯ ಗಡಿಯನ್ನು ಅಳತೆ ಮಾಡಿಸಿ, ಗೆರಾನ್‌ನಲ್ಲಿ ಬರೆಸಿ. ಪಟ್ಟಿಯಲ್ಲಿ ಇಲ್ಲದ್ದು ಕಂಡಾಗ ದೂರು ಕೊಡಲು ಹಕ್ಕುಪತ್ರ ಕೇಳದ ಒಂದು ಕಚೇರಿಯನ್ನು ಗೊತ್ತುಮಾಡಿ. ಜಮೀನು ಕಳೆದುಕೊಳ್ಳುವವರಿಗೆ ಪರಿಹಾರ ಕೊಡಿ. ಬಡ ತೋಟಗಾರನೊಬ್ಬನೇ ಇತಿಹಾಸದ ಹೊರೆ ಹೊರಬೇಕೆಂದು ನಾನು ಹೇಳುವುದಿಲ್ಲ.

ನಾನು ಹೇಳಿದ ದಿಬ್ಬದ ಸರ್ವೆ ನಂಬರ್ ಮಲಯ ಪ್ರತಿಯಲ್ಲಿದೆ. ಮಳೆ ನಿಂತ ಕೂಡಲೇ ಕಾಲುವೆಯ ಕೆಲಸ ಮುಂದುವರಿಯುತ್ತದೆಂದು ತೋಟದ ಮೇಸ್ತ್ರಿ ತಿಳಿಸಿದ್ದಾನೆ. ಅದಕ್ಕೆ ಮೊದಲು ಒಬ್ಬ ಅಧಿಕಾರಿಯನ್ನಾದರೂ ಕಳುಹಿಸಬೇಕೆಂದು ಕೋರುತ್ತೇನೆ. ಮನವಿ ತಲುಪಿದೆ ಎಂಬ ಉತ್ತರ ಈ ಸಲ ಬೇಡ. ತಲುಪುತ್ತದೆಂಬುದು ನನಗೆ ಗೊತ್ತಿದೆ.

ಇಂತಿ,
ಸುಂಗೈ ಪೆತಾನಿಯ ಒಬ್ಬ ಕನ್ನಡಿಗ