ಯೂದನ ಕಾಲನ್ನೂ ತೊಳೆದ ರಾತ್ರಿ

ಬಳ್ಳಾರಿ
ಗರಿಗಳ ಭಾನುವಾರ, ರಾತ್ರಿ

ಪ್ರೀತಿಯ ಮಗನಿಗೆ ದೊಡ್ಡಮ್ಮ ಮಾಡುವ ಆಶೀರ್ವಾದಗಳು.

ಇವತ್ತು ನೀನು ಆರಾಧನೆಗೆ ಬರಲಿಲ್ಲ. ಯಾಕೆ ಅಂತ ನಿಮ್ಮಮ್ಮ ಹೇಳಿದಳು. ಜೀನ್ಸ್ ಯೂನಿಟ್‌ನಲ್ಲಿ ನಿನ್ನ ಜೊತೆ ಪಾಲಿಗಿದ್ದ ಗೆಳೆಯ, ನಿನಗೆ ಗೊತ್ತಾಗದ ಹಾಗೆ ಗಿರಾಕಿಗಳನ್ನೆಲ್ಲ ತನ್ನ ಕಡೆ ಮಾಡಿಕೊಂಡು ಬೇರೆ ಯೂನಿಟ್ ಹಾಕಿದ್ದಾನೆ. ಅವನೂ ನಮ್ಮ ಚರ್ಚಿನ ಸಭೆಯವನೇ. ಅವನ ಮುಖ ನೋಡಬೇಕಲ್ಲ ಅಂತ ನೀನು ಮನೆಯಲ್ಲೇ ಉಳಿದೆ. ಶುಭ ಶುಕ್ರವಾರ ನೀರು ಕೊಡುವ ಕೆಲಸಕ್ಕೂ ಬರಲ್ಲ ಅಂದೆಯಂತೆ. ಫೋನಿನಲ್ಲಿ ಹೇಳಿದರೆ 'ಹೂಂ' ಅಂದು ಇಟ್ಟುಬಿಡುತ್ತೀಯ. ಅದಕ್ಕೇ ಬರೆಯುತ್ತಿದ್ದೇನೆ.

ನಿನಗೆ ನೋವಾಗಿದ್ದು ತಪ್ಪಲ್ಲ. ವಿಶ್ವಾಸಿಯಾಗಿ ಇಷ್ಟಕ್ಕೆಲ್ಲ ಬೇಜಾರು ಮಾಡಿಕೊಳ್ಳಬಾರದು ಅನ್ನುವವರ ಮಾತು ಕಿವಿಗೆ ಹಾಕಿಕೊಳ್ಳಬೇಡ. ನಿಮ್ಮಲ್ಲೊಬ್ಬ ನನ್ನನ್ನು ಹಿಡಿದುಕೊಡುತ್ತಾನೆ ಅಂತ ಹೇಳುವಾಗ ಯೇಸುಸ್ವಾಮಿಯ ಮನಸ್ಸೂ ಕಲಕಿತ್ತು. ಯೋಹಾನನ ಸುವಾರ್ತೆ 13ನೇ ಅಧ್ಯಾಯದಲ್ಲಿ ಇದೆ. ಅದನ್ನು ಪ್ರಸಂಗದಲ್ಲಿ ಕೇಳಿದ್ದು ಸಾಲದು, ನೀನೇ ಕೂತು ಓದು. 1810ರಲ್ಲಿ ನಮ್ಮ ಬಳ್ಳಾರಿಗೆ ಬಂದ ಮಿಷನರಿ ಜಾನ್ ಹ್ಯಾಂಡ್ಸ್ ಕನ್ನಡ ಕಲಿತು, ಬೈಬಲನ್ನು ಕನ್ನಡಕ್ಕೆ ತರಲು ವರ್ಷಗಟ್ಟಲೆ ದುಡಿದರು. ಇಡೀ ಗ್ರಂಥ ಮುಗಿಯುವ ಹೊತ್ತಿಗೆ 1831 ಆಗಿತ್ತು. ನಾವು ಒಂದು ಅಧ್ಯಾಯಕ್ಕೆ ಅರ್ಧ ತಾಸು ಕೊಡಬಹುದು, ಅಲ್ವಾ?

ಯೇಸುವನ್ನು ಹಿಡಿದುಕೊಟ್ಟ ಯೂದ ಹೊರಗಿನವನಲ್ಲ. ಹನ್ನೆರಡು ಜನ ಶಿಷ್ಯರಲ್ಲಿ ಒಬ್ಬ, ಹಣದ ಚೀಲ ಇರುತ್ತಿದ್ದದ್ದೇ ಅವನ ಕೈಯಲ್ಲಿ. ಆ ರಾತ್ರಿ ಊಟಕ್ಕೆ ಕೂತಲ್ಲಿಂದ ಯೇಸು ಎದ್ದ. ಮೇಲಂಗಿ ತೆಗೆದಿಟ್ಟ, ಟವೆಲ್ ಸೊಂಟಕ್ಕೆ ಕಟ್ಟಿದ, ಬೋಗುಣಿಗೆ ನೀರು ಹಾಕಿಕೊಂಡ. ನಮ್ಮ ಕಡೆ ಮನೆಗೆ ಬಂದವರಿಗೆ ಬಾಗಿಲಲ್ಲಿ ಚೊಂಬು ನೀರು ಕೊಡುತ್ತೇವೆ, ಕಾಲು ತೊಳೆದುಕೊಳ್ಳುವವರು ಅವರೇ. ಅಲ್ಲಿ ಅದು ಆಳಿನ ಕೆಲಸ. ಆ ಕೆಲಸವನ್ನು ಗುರುವೇ ಮಾಡಿದ. ಒಬ್ಬೊಬ್ಬರ ಮುಂದೆಯೂ ಬಗ್ಗಿ ಕಾಲು ತೊಳೆದ, ಕಟ್ಟಿಕೊಂಡಿದ್ದ ಟವೆಲಿನಿಂದಲೇ ಒರೆಸಿದ. ಇನ್ನೊಬ್ಬ ಶಿಷ್ಯ ಪೇತ್ರ ಬೇಡವೇ ಬೇಡ ಅಂದ. ಯೂದ ಏನಾದರೂ ಅಂದನಾ? ಬರೆದಿಲ್ಲ. ಸುಮ್ನೆ ಕಾಲು ಚಾಚಿರಬೇಕು. ಅವನು ಎದ್ದು ಹೋಗಿದ್ದು ಆಮೇಲೆ, ಯೇಸುವಿನ ಕೈಯಿಂದ ರೊಟ್ಟಿಯ ತುತ್ತು ತೆಗೆದುಕೊಂಡ ಮೇಲೆ.

ಅವನು ಹೊರಟಾಗ ಉಳಿದ ಶಿಷ್ಯರು ಏನಂದುಕೊಂಡರು ನೋಡು. ಹಬ್ಬಕ್ಕೆ ಸಾಮಾನು ತರಲಿಕ್ಕೋ, ಬಡವರಿಗೆ ಏನಾದರೂ ಕೊಡಲಿಕ್ಕೋ ಹೋಗುತ್ತಿದ್ದಾನೆ ಅಂದುಕೊಂಡರು. ಅಂದರೆ ಯೇಸು ಎಲ್ಲ ಗೊತ್ತಿದ್ದೂ ಅವನ ಮಾನ ಕಳೆದಿರಲಿಲ್ಲ. ಅವನನ್ನು ಬೇರೆ ಕೂರಿಸಿರಲಿಲ್ಲ.

ಮಗನೇ, ನೀನು ಕೌಲ್ ಬಜಾರಿನ ತುಂಬ ಹೇಳಿಕೊಂಡು ಬಂದಿದ್ದೀಯಂತೆ. ಇನ್ನು ಸಾಕು ಮಾಡು. ನಿನ್ನ ಸಹೋದರ ತಪ್ಪು ಮಾಡಿದರೆ ಮೊದಲು ನೀನೊಬ್ಬನೇ ಹೋಗಿ ಅವನಿಗೆ ಹೇಳು, ಕೇಳದಿದ್ದರೆ ಒಬ್ಬಿಬ್ಬರನ್ನು ಕರೆದುಕೊಂಡು ಹೋಗು ಅಂತ ಮತ್ತಾಯನ ಸುವಾರ್ತೆ 18ನೇ ಅಧ್ಯಾಯದಲ್ಲಿದೆ. ಊರಿಗೆಲ್ಲ ಹೇಳಿದೆ, ಅವನೊಬ್ಬನನ್ನು ಬಿಟ್ಟು.

ನಿನ್ನ ಪರವಾಗಿ ಕೂಗಾಡುತ್ತಿರುವ ಹುಡುಗರ ಬಗ್ಗೆಯೂ ಒಂದು ಮಾತು. ಯೇಸುವನ್ನು ಹಿಡಿಯಲು ಬಂದಾಗ ತೋಟದಲ್ಲಿ ಅವನಿಗಾಗಿ ಕತ್ತಿ ಎಳೆದವನು ಪೇತ್ರ. ಕೋಳಿ ಕೂಗುವುದರೊಳಗೆ ಆ ಮನುಷ್ಯ ನನಗೆ ಗೊತ್ತೇ ಇಲ್ಲ ಅಂತ ಮೂರು ಸಲ ಅಂದವನೂ ಅವನೇ. ಅವರ ಮಾತು ಕೇಳಿ ಜಗಳಕ್ಕೆ ಹೋಗಬೇಡ.

ಹಾಗಂತ ಲೆಕ್ಕ ಬಿಡು ಅನ್ನುತ್ತಿಲ್ಲ. ಬರಬೇಕಾದ ದುಡ್ಡು ಕೇಳು. ಹೊಲಿದವರ ಕೂಲಿ ಬಾಕಿ ಇದೆಯಲ್ಲ, ಅದಕ್ಕಾದರೂ ಕೇಳಲೇಬೇಕು. ಕ್ಷಮಿಸಿದೆ ಅಂತ ಮತ್ತೆ ಅವನ ಕೈಗೆ ಗಲ್ಲಾ ಕೊಡಬೇಕಾಗಿಲ್ಲ. ಮನುಷ್ಯರ ಮನಸ್ಸಿನಲ್ಲಿ ಏನಿದೆ ಅಂತ ಗೊತ್ತಿದ್ದ ಯೇಸುವೂ ಎಲ್ಲರಿಗೂ ತನ್ನನ್ನು ಒಪ್ಪಿಸಿಕೊಡಲಿಲ್ಲ.

ಯೂದನ ಕೈಗೆ ಸಿಕ್ಕಿದ್ದು 30 ಬೆಳ್ಳಿ ನಾಣ್ಯ. ಎತ್ತು ಹಾಯ್ದು ಆಳು ಸತ್ತರೆ ಧಣಿಗೆ ಕಟ್ಟಿಕೊಡಬೇಕು ಅಂತ ಮೋಶೆಯ ಕಾನೂನಿನಲ್ಲಿದ್ದ ಮೊತ್ತವೂ ಅಷ್ಟೇ. ಅದನ್ನೂ ಅವನು ಇಟ್ಟುಕೊಳ್ಳಲಿಲ್ಲ, ದೇವಾಲಯದಲ್ಲಿ ಎಸೆದು ಹೋದ. ಅವನ ಮೇಲೆ ನನಗೆ ಸಿಟ್ಟಿಗಿಂತ ಮರುಕವೇ ಜಾಸ್ತಿ. ತಪ್ಪು ಮಾಡಿದೆ ಅಂತ ಯಾಜಕರ ಮುಂದೆ ಹೇಳಿಕೊಂಡ. ಅದು ನಮಗೇನು ಅಂದುಬಿಟ್ಟರು ಅವರು. ಬರಬೇಕಾಗಿದ್ದದ್ದು ಯೇಸುವಿನ ಹತ್ತಿರ, ಅಲ್ಲಿಗೆ ಮಾತ್ರ ಯೂದ ಬರಲಿಲ್ಲ. ಪೇತ್ರ ಬಂದ. ಸಾವಿನಿಂದ ಎದ್ದು ಬಂದು, ಕೆಂಡದ ಮೇಲೆ ಮೀನು ಸುಟ್ಟು ಊಟಕ್ಕೆ ಕರೆದ ಯೇಸುವಿನ ಎದುರು ಬಂದು ಕೂತ. ನಿನ್ನ ಗೆಳೆಯನಿಗೂ ಒಂದು ದಿನ ನಿನ್ನ ಹತ್ತಿರ ಬರಬೇಕು ಅನ್ನಿಸಬಹುದು. ಆಗ ಬರೋಕೆ ಆಗದ ಹಾಗೆ ಈಗಲೇ ಮಾತಾಡಿ ಕೆಡಿಸಬೇಡ.

ಮನಸ್ಸು ತಣ್ಣಗಾದ ಮೇಲೆ ಕ್ಷಮಿಸುತ್ತೇನೆ ಅಂದೆಯಂತೆ. ತಂದೆಯೇ, ಇವರನ್ನು ಕ್ಷಮಿಸು ಅನ್ನುವ ಮಾತು ಗಾಯ ಮಾಯ್ದ ಮೇಲೆ ಬಂದದ್ದಲ್ಲ ಮಗಾ. ಶಿಲುಬೆಯ ಮೇಲಿದ್ದಾಗಲೇ ಬಂದದ್ದು.

ಶುಕ್ರವಾರ 12ರಿಂದ 3ರವರೆಗೆ ಆರಾಧನೆ. ನಮ್ಮೂರ ಬಿಸಿಲು ಗೊತ್ತಲ್ಲ, ವಯಸ್ಸಾದವರಿಗೆ ನೀರಿಲ್ಲದೆ ಆಗುವುದಿಲ್ಲ. ಕೊಡಗಳನ್ನು ನೀನೇ ತುಂಬಿಸಿಡು. ಅವನೂ ಸಾಲಿನಲ್ಲಿ ಬರುತ್ತಾನೆ. ಅವನ ಕೈಗೂ ಒಂದು ಲೋಟ ಕೊಡು. ನಗಬೇಕಾಗಿಲ್ಲ, ಮಾತೂ ಬೇಡ. ಕೈ ನಡುಗಿದರೂ ಪರವಾಗಿಲ್ಲ, ಕೊಡು.

ಶನಿವಾರ ಲೆಕ್ಕದ ಪುಸ್ತಕ ತೆಗೆದುಕೊಂಡು ಬಾ. ನಿಮ್ಮ ದೊಡ್ಡಪ್ಪ ಕೂತು ನೋಡುತ್ತಾರೆ. ಅವನ ಹತ್ತಿರ ಮಾತಾಡಲು ಜೊತೆಗೆ ಒಬ್ಬರು ಬೇಕಾದರೆ ಅವರೇ ಬರುತ್ತಾರೆ. ಊಟ ಇಲ್ಲೇ.

ನಿನ್ನ
ದೊಡ್ಡಮ್ಮ